ಕಳೆ, ತೇಜಸ್ಸು, ವರ್ಚಸ್ಸು, ಗತ್ತು: ಯಾರಿಗೆ ಯಾವ ಮಾತು ಸಲ್ಲುತ್ತದೆ

ಒಬ್ಬರು ಸಭೆಗೆ ಕಾಲಿಟ್ಟರೆ ಗುಸುಗುಸು ತಾನಾಗಿ ನಿಲ್ಲುತ್ತದೆ. ಇನ್ನೊಬ್ಬರು ಜಗಲಿ ಹತ್ತಿದರೆ ಮನೆಯೇ ಗೆಲುವಾಗುತ್ತದೆ. ಮತ್ತೊಬ್ಬರ ಹೆಸರು ಹೇಳಿದರೆ ಸಾಕು, ನಾಲ್ಕೂರಿನ ಜನ ಕೆಲಸ ಬಿಟ್ಟು ಬರುತ್ತಾರೆ. ಕೈಗೆ ಸಿಗದ, ತೂಕಕ್ಕೆ ಬಾರದ ಈ ಗುಣಕ್ಕೆ ಕನ್ನಡದಲ್ಲಿ ಹತ್ತಾರು ಮಾತುಗಳಿವೆ: ಕಳೆ, ತೇಜಸ್ಸು, ಓಜಸ್ಸು, ವರ್ಚಸ್ಸು, ಗಾಂಭೀರ್ಯ, ಠೀವಿ, ಗತ್ತು, ಖದರು, ಹವಾ, ಸಾನ್ನಿಧ್ಯ. ಈಗ ಹುಡುಗರ ಬಾಯಲ್ಲಿ ಔರಾ.

ದೀಪಾವಳಿ ಕಳೆದು ಮಳೆಗಾಲ ಹಿಡಿಯುವ ತನಕ ಶಿವಮೊಗ್ಗ ಸೀಮೆಯಲ್ಲಿ ಗುರುವಂದನೆ, ಸನ್ಮಾನ, ಜಾತ್ರೆ, ಜೀರ್ಣೋದ್ಧಾರಗಳಿಗೆ ಬಿಡುವಿಲ್ಲ. ಪ್ರತಿ ಊರಲ್ಲೂ ‘ನೀವು ಚೆನ್ನಾಗಿ ಬರೀತೀರಿ’ ಎಂದು ಒಬ್ಬರ ತಲೆಗೆ ಮಾನಪತ್ರ, ಆಮಂತ್ರಣ ಪತ್ರಿಕೆ, ನಿರೂಪಣೆ ಮೂರನ್ನೂ ಕಟ್ಟುತ್ತಾರೆ. ಅವರು ಮೇಲಿನ ಮಾತುಗಳನ್ನೆಲ್ಲ ಒಂದೇ ಅರ್ಥದವೆಂದು ತಿಳಿದು ಒಂದರ ಮೇಲೊಂದು ಸುರಿದುಬಿಡುತ್ತಾರೆ. ಕೇಳಿದವರಿಗೆ ಚಪ್ಪಾಳೆ ನೆನಪಿರುತ್ತದೆಯೇ ಹೊರತು ಸನ್ಮಾನಿತರು ಎಂಥವರೆಂಬುದು ತಿಳಿಯುವುದೇ ಇಲ್ಲ. ಇಲ್ಲಿರುವುದು ಅಂಥ ಬರಹಗಾರರಿಗಾಗಿ.

ಮೊದಲು ಕ್ರಿಯಾಪದ ಹಿಡಿಯಿರಿ

ಯಾವ ಪದ ಹಾಕಬೇಕೆಂದು ತೋಚದಾಗ ನಾಮಪದಗಳನ್ನು ತಡಕಬೇಡಿ. ಆ ವ್ಯಕ್ತಿ ಎದುರಿಗಿದ್ದಾಗ ಏನು ನಡೆಯುತ್ತದೆ ಎಂಬುದನ್ನು ಸಾದಾ ಮಾತಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ಆ ಗುಣ ಕೂತಿರುವುದೆಲ್ಲಿ ಎಂದು ಆಮೇಲೆ ಕೇಳಿಕೊಳ್ಳಿ. ಮುಖದ ಮೇಲೋ, ನಡೆಯಲ್ಲೋ, ವರ್ಷಗಟ್ಟಲೆಯ ಸಾಧನೆಯಲ್ಲೋ, ಊರವರ ಅಭಿಪ್ರಾಯದಲ್ಲೋ?

ಉತ್ತರ ಸರಿಯೋ ತಪ್ಪೋ ಎಂಬುದನ್ನು ಕ್ರಿಯಾಪದ ಹೇಳಿಬಿಡುತ್ತದೆ. ಕಳೆ *ಬರುತ್ತದೆ*, *ಕುಂದುತ್ತದೆ*. ತೇಜಸ್ಸು *ಹೊಮ್ಮುತ್ತದೆ*. ವರ್ಚಸ್ಸನ್ನು *ಗಳಿಸುತ್ತಾರೆ*, *ಉಳಿಸಿಕೊಳ್ಳುತ್ತಾರೆ*, ಅದಕ್ಕೆ *ಧಕ್ಕೆ ಬರುತ್ತದೆ*. ಗತ್ತನ್ನು *ತೋರಿಸುತ್ತಾರೆ*. ಛಾಪನ್ನು *ಒತ್ತುತ್ತಾರೆ* ಅಥವಾ *ಮೂಡಿಸುತ್ತಾರೆ*. ಹವಾ *ಏಳುತ್ತದೆ*, *ಇಳಿಯುತ್ತದೆ*. ಸಾನ್ನಿಧ್ಯ *ವಹಿಸುತ್ತಾರೆ*. ಪ್ರಭಾವ *ಬೀರುತ್ತಾರೆ*. ‘ವರ್ಚಸ್ಸು ಬೀರಿದರು’, ‘ಕಳೆ ಗಳಿಸಿದರು’, ‘ತೇಜಸ್ಸು ತೋರಿಸಿದರು’ ಎಂದು ಬರೆದು ಗಟ್ಟಿಯಾಗಿ ಓದಿನೋಡಿ, ಕಿವಿಗೆ ಒಗ್ಗುವುದಿಲ್ಲ. ಕ್ರಿಯಾಪದ ತಾನಾಗಿ ಒದಗಿ ಬರಲಿಲ್ಲ ಎಂದರೆ ನೀವು ಆರಿಸಿಕೊಂಡದ್ದು ಬೇರೆ ಜಾಗದ ಪದ.

ಕಳೆ

ಮಲೆನಾಡಿನ ಮನೆಗಳಲ್ಲಿ ದಿನಬಳಕೆಗೆ ಹೆಚ್ಚು ಸಿಗುವ ಮಾತು ಇದೇ. ಸಂಸ್ಕೃತದ ‘ಕಲಾ’ ತದ್ಭವವಾಗಿ ‘ಕಳೆ’ ಆಗಿದೆ. ಚಂದ್ರನಿಗೆ ಹದಿನಾರು ಕಲೆಗಳು. ಶುಕ್ಲಪಕ್ಷದಲ್ಲಿ ಒಂದೊಂದಾಗಿ ಏರಿ, ಕೃಷ್ಣಪಕ್ಷದಲ್ಲಿ ಒಂದೊಂದಾಗಿ ಇಳಿಯುತ್ತವೆ. ಆ ಏರಿಳಿತ ಪದದೊಳಗೇ ಉಳಿದುಕೊಂಡಿದೆ. ಆದ್ದರಿಂದ ಬಂದು ಹೋಗುವ, ಹೆಚ್ಚುಕಡಿಮೆಯಾಗುವ ಹೊಳಪಿಗೆ ಮಾತ್ರ ಕಳೆ ಎನ್ನಬೇಕು. ಬಾಣಂತನ ಮುಗಿಸಿ ಎದ್ದವಳ ಮುಖಕ್ಕೆ ಕಳೆ ಬರುತ್ತದೆ. ನಿಶ್ಚಿತಾರ್ಥ ಆದ ಹುಡುಗಿಯನ್ನು ನೋಡಿ ಹವ್ಯಕರ ಮನೆಯ ಅಜ್ಜಿ ‘ಕೂಸಿಗೆ ಮದುವೆ ಕಳೆ ಬಂತು’ ಎನ್ನುತ್ತಾರೆ. ಜ್ವರ ಬಿಟ್ಟೆದ್ದವನ ಮುಖ ಕಳೆಗುಂದಿರುತ್ತದೆ.

ಮನುಷ್ಯರಿಗಷ್ಟೇ ಅಲ್ಲದೆ ಮನೆಗೆ, ಹಬ್ಬಕ್ಕೆ, ಪೇಟೆಗೂ ಈ ಮಾತು ಸಲ್ಲುತ್ತದೆ. ಮೊದಲ ಮಳೆ ಹಿಡಿದು ಎರಡು ವಾರವಾದರೆ ‘ಜೋಗಕ್ಕೆ ಜೀವಕಳೆ’ ಎಂಬ ತಲೆಬರಹ ಬಂದೇ ಬರುತ್ತದೆ. ಹಳಸಲಾಗಿದ್ದರೂ ಅದು ತಪ್ಪಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದ ಮೇಲೆ ಶರಾವತಿಯ ನೀರಿನ ಹೆಚ್ಚಿನ ಪಾಲು ವಿದ್ಯುತ್ತಿಗೆ ತಿರುಗಿತು. ಬೇಸಿಗೆಯಲ್ಲಿ 253 ಮೀಟರಿನ ಬಂಡೆ ಬರಿದಾಗಿ ನಿಲ್ಲುತ್ತದೆ, ಮಳೆಗಾಲದಲ್ಲಿ ತುಂಬುತ್ತದೆ. ಹೋದದ್ದು ತಿರುಗಿ ಬಂದಿದೆ, ಹಾಗಾಗಿ ಜೀವಕಳೆ ಸರಿ. ಹೊಸದಾಗಿ ಕಟ್ಟಿದ ಬಸ್ ನಿಲ್ದಾಣಕ್ಕೆ ಮೊದಲ ದಿನವೇ ‘ಜೀವಕಳೆ ಬಂತು’ ಎಂದರೆ ಅರ್ಥವಿಲ್ಲ. ಅಲ್ಲಿ ಹೋದದ್ದೇನೂ ಇರಲಿಲ್ಲ.

ಈ ಪದದಲ್ಲಿ ಎಡವುವ ಜಾಗಗಳು ಮೂರು. ಮೂರೂ ಮುಜುಗರ ತರುವಂಥವು.

ಮೊದಲನೆಯದು ಲ ಮತ್ತು ಳ. ‘ಮುಖದಲ್ಲಿ ಕಳೆ ಇದೆ’ ಎಂದರೆ ಹೊಗಳಿಕೆ, ‘ಮುಖದಲ್ಲಿ ಕಲೆ ಇದೆ’ ಎಂದರೆ ಚರ್ಮದ ಡಾಕ್ಟರ ಹತ್ತಿರ ಹೋಗಬೇಕಾದ ಮಾತು. ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡ ಮೂಡಿಸುವಾಗ ಸಣ್ಣ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಅವಸರದಲ್ಲಿ ಶಿಫ್ಟ್ ತಪ್ಪಿತೆಂದರೆ ವಧೂವರರ ವಿವರದಲ್ಲಿ ‘ಕಲೆಯುಳ್ಳ ಮುಖ’ ಅಚ್ಚಾಗುತ್ತದೆ. ಅಕ್ಷರತಪ್ಪು ಹಿಡಿಯುವ ತಂತ್ರಾಂಶ ಇದನ್ನು ಹಿಡಿಯದು, ಯಾಕೆಂದರೆ ಕಲೆಯೂ ಸರಿಯಾದ ಪದವೇ.

ಎರಡನೆಯದು ಇನ್ನೂ ಸೂಕ್ಷ್ಮ. ಕಳೆ ಮತ್ತು ಕಟ್ಟು ಸೇರಿದರೆ ಕಳೆಗಟ್ಟು; ಕಳೆ ಮತ್ತು ಕೆಡು ಸೇರಿದರೆ ಕಳೆಗೆಡು. ಎರಡರಲ್ಲೂ ಆದೇಶ ಸಂಧಿಯಿಂದ ಕಕಾರಕ್ಕೆ ಗಕಾರ ಬರುತ್ತದೆ. ಭೂತಕಾಲದಲ್ಲಿ ಒಂದು *ಕಳೆಗಟ್ಟಿತು*, ಇನ್ನೊಂದು *ಕಳೆಗೆಟ್ಟಿತು*. ನಡುವೆ ಇರುವುದು ಒಂದು ಎತ್ವ ಮಾತ್ರ, ಅರ್ಥ ತಿರುವುಮುರುವು. ‘ಮಾರಿಜಾತ್ರೆ ಕಳೆಗಟ್ಟಿತು’ ಎಂದರೆ ರಂಗೇರಿತು. ‘ಕಳೆಗೆಟ್ಟಿತು’ ಎಂದರೆ ಸಪ್ಪಗಾಯಿತು. ಜಾತ್ರಾ ಸಮಿತಿಯವರು ಜಗಳಕ್ಕೆ ಬರಬಾರದೆಂದಿದ್ದರೆ ಆ ಗಕಾರವನ್ನು ಬೆರಳಿಟ್ಟು ನೋಡಿ. ಸಂಶಯವಿದ್ದರೆ ‘ರಂಗೇರಿತು’ ಎಂದೇ ಬರೆಯಿರಿ.

ಮೂರನೆಯದು ಗದ್ದೆಯ ಕಳೆ. ಅದು ಬೇರೆಯೇ ಪದ. ‘ತೋಟಕ್ಕೆ ಕಳೆ ಬಂದಿದೆ’ ಎಂದರೆ ಅಡಿಕೆ ತೋಟ ಇಟ್ಟುಕೊಂಡವರು ಕತ್ತಿ ಹುಡುಕುತ್ತಾರೆ. ನೆಲ, ಗದ್ದೆ, ತೋಟ, ಬ್ಯಾಣದ (ಹುಲ್ಲುಗಾವಲಿನ) ವಿಷಯ ಬರೆಯುವಾಗ ಹೊಳಪಿನ ಅರ್ಥದ ಕಳೆಯನ್ನು ಬಿಟ್ಟು ‘ಸೊಗಸು’, ‘ಗೆಲುವು’ ಎನ್ನಿ. ವಸ್ತುವಿಗೂ ಹಾಗೆಯೇ. ಚೊಗರು ಹಾಕಿ ಒಣಗಿಸಿದ ಕೆಂಪಡಿಕೆಗೆ ಇರುವುದು ಬಣ್ಣ ಮತ್ತು ಹೊಳಪು. ‘ರಾಶಿ ಇಡಿ’ ಎಂಬ ಅಡಿಕೆಗೆ ಕಳೆ ಇದೆ ಎಂದು ಮಂಡಿಯಲ್ಲಿ ಯಾರೂ ಹೇಳುವುದಿಲ್ಲ.

ಸಮಾಸಗಳನ್ನು ಆರಿಸುವಾಗ ಮನಸ್ಸು ಬೇಕು. ರಾಜಕಳೆ, ಜೀವಕಳೆ ಯಾರಿಗೂ ನೋವು ಮಾಡುವುದಿಲ್ಲ. ‘ಪ್ರೇತಕಳೆ’, ‘ದರಿದ್ರ ಕಳೆ’ ಬೈಗುಳಗಳು. ಕಾಯಿಲೆ ಬಿದ್ದವರ ಬಗ್ಗೆ ತಮಾಷೆಗೂ ಬೇಡ. ‘ಮುತ್ತೈದೆ ಕಳೆ’ಯನ್ನು ಅಂಗನವಾಡಿ ಕಾರ್ಯಕರ್ತೆ, ಶಿಕ್ಷಕಿ, ಸಂಘದ ಅಧ್ಯಕ್ಷೆಯರ ಸನ್ಮಾನದ ಮಾತಿನಲ್ಲಿ ತರಲೇಬೇಡಿ. ಅದೇ ವೇದಿಕೆಯಲ್ಲಿ, ಅದೇ ಸಾಲಿನಲ್ಲಿ ಗಂಡನನ್ನು ಕಳೆದುಕೊಂಡವರೂ ಕುಳಿತಿರುತ್ತಾರೆ, ಮಾತು ನೇರ ಅವರನ್ನು ಹೊರಗಿಡುತ್ತದೆ. ಹಾಗೆಯೇ ‘ಬಣ್ಣ ಕಪ್ಪಾದರೂ ಕಳೆ ಇದೆ’ ಎಂಬ ಹೆಣ್ಣು ನೋಡುವ ಮನೆಯ ಮಾತು. ಕಳೆಗೂ ಬಣ್ಣಕ್ಕೂ ಸಂಬಂಧವಿಲ್ಲ. ‘ಆದರೂ’ ತೆಗೆದು ‘ಕಳೆ ಇದೆ’ ಎಂದರೆ ಪೂರ್ತಿ ಹೊಗಳಿಕೆ ಉಳಿಯುತ್ತದೆ.

ತೇಜಸ್ಸು, ಓಜಸ್ಸು

ತೇಜಸ್ಸಿನ ಮೂಲದಲ್ಲಿ ಬೆಂಕಿ ಇದೆ, ಬೆಳಕು ಇದೆ. ಕಳೆಯ ಹಾಗೆ ಹಬ್ಬಕ್ಕೊಮ್ಮೆ ಬಂದು ಹೋಗುವುದಲ್ಲ. ವ್ರತ, ಅಧ್ಯಯನ, ಸಂಯಮ, ಕಠಿಣ ದುಡಿಮೆಯಿಂದ ಒಳಗೆ ಕೂಡಿಟ್ಟದ್ದು ಮುಖದಲ್ಲಿ ಹೊಮ್ಮಿದರೆ ತೇಜಸ್ಸು. ಯತಿಗಳಿಗೆ, ವಿದ್ವಾಂಸರಿಗೆ, ದೀರ್ಘ ಸಾಧನೆಯ ಸಂಗೀತಗಾರರಿಗೆ ಒಪ್ಪುತ್ತದೆ. ಹೊಸದಾಗಿ ಆಯ್ಕೆಯಾದ ಗ್ರಾಮ ಪಂಚಾಯಿತಿ ಸದಸ್ಯರಿಗೆ ಹೇಳಿದರೆ ಮುಖಸ್ತುತಿ ಅನ್ನಿಸುತ್ತದೆ.

ಓಜಸ್ಸು ಒಳಗಿನ ಬಲ. ಆಯುರ್ವೇದದಲ್ಲಿ ಅದು ಏಳು ಧಾತುಗಳ ಸಾರ. ಹೃದಯದಲ್ಲಿ ಎಂಟು ಬಿಂದುವಿನಷ್ಟು ಇರುತ್ತದೆಂದು ಹೇಳುವ ಪರ ಓಜಸ್ಸು ಒಂದು, ದೇಹದಲ್ಲೆಲ್ಲ ಹರಡಿದ ಅಪರ ಓಜಸ್ಸು ಇನ್ನೊಂದು. ಕಾವ್ಯಮೀಮಾಂಸೆಯಲ್ಲಿ ಮಾಧುರ್ಯ, ಪ್ರಸಾದಗಳ ಜತೆ ಬರುವ ಗುಣವೂ ಇದೇ. ಆದ್ದರಿಂದ ಬರವಣಿಗೆಗೆ, ಭಾಷಣಕ್ಕೆ ‘ಓಜಸ್ವಿ’ ಚೆನ್ನಾಗಿ ಹೊಂದುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತಿಗೆ ಕಾಂತಿ ಸಾಕು.

ಇವಕ್ಕೆಲ್ಲ ವ್ಯಾಕರಣ ಒಂದೇ. ತೇಜಸ್, ಓಜಸ್, ವರ್ಚಸ್, ಯಶಸ್, ತಪಸ್ ಎಲ್ಲವೂ ಸಕಾರಾಂತ. ಒಂಟಿಯಾಗಿ ಕನ್ನಡಕ್ಕೆ ಬಂದಾಗ ಸಕಾರ ಇಮ್ಮಡಿಸಿ ಉಕಾರ ಸೇರುತ್ತದೆ: ತೇಜಸ್ಸು, ಓಜಸ್ಸು. ‘ವಿ’ ಸೇರಿದರೆ ಇಮ್ಮಡಿ ಇಲ್ಲ: ತೇಜಸ್ವಿ, ಓಜಸ್ವಿ, ವರ್ಚಸ್ವಿ, ಯಶಸ್ವಿ. ‘ಯಶಸ್ಸ್ವಿ’ ಎಂದು ಎರಡು ಸಕಾರದ ಭಾರ ಹೇರುವವರಿದ್ದಾರೆ, ಅದು ತಪ್ಪು. ಮುಂದೆ ಗ, ಮ, ವದಂಥ ಘೋಷಾಕ್ಷರ ಬಂದರೆ ಸಕಾರ ಓಕಾರವಾಗುತ್ತದೆ: ತೇಜೋಮಯ, ಯಶೋಗಾಥೆ, ತಪೋವನ.

ಅದೇ ಸಾಲಿನದು ತೇಜೋವಧೆ. ಮಹಾಭಾರತದಲ್ಲಿ ಕರ್ಣನಿಗೆ ಸಾರಥಿಯಾಗಿ ಕೂತ ಶಲ್ಯ, ಧರ್ಮರಾಯನಿಗೆ ಕೊಟ್ಟ ಮಾತಿನಂತೆ, ರಥದಲ್ಲಿ ಕೂತೇ ಕರ್ಣನನ್ನು ಹೀಗಳೆದು ಅವನ ಧೈರ್ಯ ಕುಗ್ಗಿಸುತ್ತಾನೆ. ಮೂಲದಲ್ಲಿ ಆ ಕೆಲಸಕ್ಕೆ ಇರುವ ಹೆಸರೇ ತೇಜೋವಧ. ಮಲೆನಾಡಿನ ತಾಳಮದ್ದಳೆಯ ಕೂಟಗಳಲ್ಲಿ ಕರ್ಣಪರ್ವ ಕೇಳಿದವರಿಗೆ ಇದು ಗೊತ್ತು: ಶಲ್ಯನ ಮಾತಾಡುವ ಅರ್ಥಧಾರಿ ಕರ್ಣನ ಬಾಣವನ್ನು ಮುಟ್ಟುವುದಿಲ್ಲ, ಆತ್ಮವಿಶ್ವಾಸವನ್ನು ಮಾತ್ರ ಕೊಯ್ಯುತ್ತಾನೆ. ಹಾಗಾಗಿ ಒಬ್ಬರ ಸ್ಥೈರ್ಯ, ಗೌರವಗಳನ್ನು ಉದ್ದೇಶಪೂರ್ವಕ ಮಾತಿನಿಂದ ಕುಗ್ಗಿಸಿದಾಗ ತೇಜೋವಧೆ ಎನ್ನಿ. ನ್ಯಾಯಾಲಯದ ಸುದ್ದಿಯಲ್ಲಿ ಮಾತ್ರ ಮಾನನಷ್ಟ ಅಥವಾ ಮಾನಹಾನಿ ಬಳಸಬೇಕು. ಅದು ಕಾನೂನಿನ ಅಪರಾಧ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಬರುತ್ತದೆ. ‘ತೇಜೋವಧೆ ಮೊಕದ್ದಮೆ’ ಎಂಬುದಿಲ್ಲ.

ವರ್ಚಸ್ಸು

ಪತ್ರಿಕೆಗಳಲ್ಲಿ ಅತಿ ಹೆಚ್ಚು ಸವೆದಿರುವ ಮಾತು. ಹಳೆಯ ಅರ್ಥ ಹೊಳಪು, ಶಕ್ತಿ. ಮಂತ್ರಾಕ್ಷತೆ ಹಾಕುವಾಗ ಪುರೋಹಿತರು ಹೇಳುವ ಆಶೀರ್ವಾದದಲ್ಲಿ ಆಯುಷ್ಯ, ಆರೋಗ್ಯದ ಜತೆಗೆ ಇದೂ ಇದೆ. ಇವತ್ತಿನ ಕನ್ನಡದಲ್ಲಿ ಅರ್ಥ ಸರಿದಿದೆ: ಒಬ್ಬರ ವ್ಯಕ್ತಿತ್ವದ ಬಗ್ಗೆ ಜನರಲ್ಲಿ ನೆಲೆಸಿದ, ಅವರ ಮಾತಿಗೆ ತೂಕ ಕೊಡುವ ಅಭಿಪ್ರಾಯ. ಕಳೆ, ತೇಜಸ್ಸುಗಳಿಗೆ ನೋಡುವ ಕಣ್ಣು ಸಾಕು, ಅಪರಿಚಿತರಿಗೂ ಕಾಣುತ್ತವೆ. ವರ್ಚಸ್ಸಿಗೆ ಊರು ಬೇಕು. ಯಾರೂ ಗುರುತಿಸದ ಊರಿನಲ್ಲಿ ತೇಜಸ್ಸು ಉಳಿಯುತ್ತದೆ, ವರ್ಚಸ್ಸು ಉಳಿಯುವುದಿಲ್ಲ.

ಅದಕ್ಕೇ ಈ ಪದ ಬಳಸುವವರು ಪುರಾವೆ ಕೊಡಬೇಕು. ‘ಅಪಾರ ವರ್ಚಸ್ಸು ಹೊಂದಿದ್ದರು’ ಎಂಬ ಸಾಲು ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಆದ್ದರಿಂದ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನೇ ನೋಡಿ. ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ ಎದ್ದ ಕಾಗೋಡು ಸತ್ಯಾಗ್ರಹ 1951ರದು. ಗೇಣಿದಾರರ ಪರ ನಿಂತ ಗೌಡರು ಮರುವರ್ಷ, 1952ರಲ್ಲಿ, ಸಾಗರ-ಹೊಸನಗರದಿಂದ ವಿಧಾನಸಭೆಗೆ ಗೆದ್ದರು. ಇಷ್ಟು ಬರೆದ ಮೇಲೆ ‘ವರ್ಚಸ್ಸು’ ಎಂಬ ಪದ ಹಾಕಿದರೆ ಅದಕ್ಕೆ ನೆಲ ಸಿಗುತ್ತದೆ, ಬಿಟ್ಟರೂ ಓದುಗರಿಗೆ ಅದು ಕಾಣುತ್ತದೆ. ಕ್ರಮ ಇದು: ಕೆಲಸ, ಕಾಲ, ಪರಿಣಾಮ, ಕೊನೆಗೆ ಬೇಕೆನಿಸಿದರೆ ಪದ.

ನೆರೆಹೊರೆಯ ಮಾತುಗಳಿಂದ ಇದನ್ನು ಬಿಡಿಸಿಕೊಳ್ಳಬೇಕು. ಪ್ರಭಾವ ಎಂದರೆ ಕೆಲಸ ಮಾಡಿಸುವ ಬಲ. ಹುದ್ದೆಯಿಂದ, ಹಣದಿಂದಲೂ ಬರುತ್ತದೆ. ಒಬ್ಬ ಅಧಿಕಾರಿಗೆ ಪ್ರಭಾವ ಇದ್ದು ವರ್ಚಸ್ಸು ಇಲ್ಲದಿರಬಹುದು. ವರ್ಗವಾದ ಮರುದಿನವೇ ಗೊತ್ತಾಗುತ್ತದೆ. ಜನಪ್ರಿಯತೆ ಎಂದರೆ ಇಷ್ಟಪಡುವವರ ಸಂಖ್ಯೆ. ಪ್ರತಿಷ್ಠೆ ಮನೆತನಕ್ಕೆ, ಸಂಸ್ಥೆಗೆ, ಪದವಿಗೆ ಅಂಟಿಕೊಂಡದ್ದು. ‘ಪಕ್ಷದ ವರ್ಚಸ್ಸಿಗೆ ಧಕ್ಕೆ’ ಎಂಬಲ್ಲಿ ವರ್ಚಸ್ಸು ಹೆಸರು, ಮರ್ಯಾದೆ ಎಂಬ ಅರ್ಥಕ್ಕೆ ಇಳಿದಿದೆ. ರೂಢಿಗೆ ಬಂದಿರುವುದರಿಂದ ತಪ್ಪೆನ್ನಲಾಗದು. ಆದರೆ ಕಂಪನಿಗೆ, ಇಲಾಖೆಗೆ ‘ಹೆಸರು ಕೆಟ್ಟಿತು’ ಎಂದರೆ ಸ್ಪಷ್ಟವಾಗಿರುತ್ತದೆ. ‘ವೈಯಕ್ತಿಕ ವರ್ಚಸ್ಸಿನಿಂದ ಗೆದ್ದರು’ ಎನ್ನುವುದು ಒಳ್ಳೆಯ ಬಳಕೆ, ಅಲ್ಲಿ ಪಕ್ಷದ ಬಲವನ್ನು ಬೇರೆ ಮಾಡಿ ತೋರಿಸುವ ಕೆಲಸ ಇದೆ.

ಬರೆಯುವಾಗ: ವರ್ಚಸ್ಸಿಗೆ, ವರ್ಚಸ್ಸನ್ನು, ವರ್ಚಸ್ಸಿನಿಂದ. ‘ವರ್ಚಸ್ಸುಗೆ’, ‘ವರ್ಚಸ್ಸುವನ್ನು’ ಬೇಡ. ಚಕಾರ ಅಲ್ಪಪ್ರಾಣ, ‘ವರ್ಛಸ್ಸು’ ಎಂದು ಒತ್ತಿ ಬರೆದರೆ ಗಾಂಭೀರ್ಯ ಹೆಚ್ಚುವುದಿಲ್ಲ. ಅರ್ಕಾವೊತ್ತು ಬಿಟ್ಟುಹೋದರೆ ‘ವಚಸ್ಸು’ ಆಗುತ್ತದೆ, ಅದು ಮಾತು ಎಂಬರ್ಥದ ಬೇರೆ ಪದ. ಆಯುರ್ವೇದದ ಶ್ಲೋಕಗಳಿಂದ ಉದ್ಧರಿಸುವವರು ಇನ್ನೊಂದು ಗಮನಿಸಬೇಕು: ಅಲ್ಲಿ ವರ್ಚಸ್ ಎಂಬುದಕ್ಕೆ ಮಲ ಎಂಬ ಅರ್ಥವೂ ಇದೆ. ಸಂದರ್ಭ ನೋಡದೆ ಎಲ್ಲ ಕಡೆ ‘ಕಾಂತಿ’ ಎಂದು ಅನುವಾದಿಸಿದರೆ ಔಷಧದ ಫಲವೇ ಬದಲಾಗುತ್ತದೆ.

ಗಾಂಭೀರ್ಯದಿಂದ ಧಿಮಾಕಿನ ತನಕ

ನಡೆ, ನಿಲುವು, ಕೈಕಾಲಿನ ಚಲನೆಯಲ್ಲಿ ಕಾಣುವ ಗುಣಕ್ಕೆ ಒಂದು ಮೆಟ್ಟಿಲ ಸಾಲೇ ಇದೆ. ಮೇಲಿನ ತುದಿಯಲ್ಲಿ ಗಾಂಭೀರ್ಯ, ಆಮೇಲೆ ಠೀವಿ, ಗತ್ತು, ಖದರು. ಕೆಳಗೆ ದೌಲತ್ತು, ಧಿಮಾಕು. ಇಳಿಯುತ್ತ ಹೋದಂತೆ ಗೌರವ ಕಡಿಮೆಯಾಗುತ್ತದೆ, ಹೇಳುವವರ ಅಸಹನೆ ಹೆಚ್ಚುತ್ತದೆ. ಗಾಂಭೀರ್ಯ ಇರುವವರಿಗೆ ಅದು ಇದೆಯೆಂಬ ಅರಿವೇ ಇರಬೇಕಿಲ್ಲ. ಠೀವಿ ಕಣ್ಣಿಗೆ ಹಬ್ಬ: ಸಕ್ರೆಬೈಲಿನ ಆನೆಗಳು ಶಿವಮೊಗ್ಗ ದಸರಾ ಮೆರವಣಿಗೆಯಲ್ಲಿ ಹೆಜ್ಜೆ ಹಾಕುವುದಕ್ಕೆ ಇದು ಹೇಳಿಮಾಡಿಸಿದ ಪದ.

ಗತ್ತು ನಡುವಿನ ಮೆಟ್ಟಿಲು, ಅದರ ಬೆಲೆ ಸ್ಥಳದ ಮೇಲೆ ನಿಂತಿದೆ. ಯಕ್ಷಗಾನ ನೋಡುವವರ ನಡುವೆ ಗತ್ತುಗಾರಿಕೆ ದೊಡ್ಡ ಪ್ರಶಂಸೆ. ಆಳಂಗ (ಮೈಕಟ್ಟು) ಚೆನ್ನಾಗಿರಬೇಕು, ಶಾರೀರ (ಕಂಠ) ಬೇಕು, ಇವೆರಡೂ ಇದ್ದು ಗತ್ತಿಲ್ಲದಿದ್ದರೆ ವೇಷ ರಂಗಸ್ಥಳ ತುಂಬುವುದಿಲ್ಲ ಎನ್ನುತ್ತಾರೆ. ಕಿರೀಟ ಕಟ್ಟಿದವರು ಒಂದು ಕುಣಿತವನ್ನೂ ಹಾಕದೆ ರಥದ (ರಂಗದ ಮೇಲಿನ ಪೀಠದ) ಮೇಲೆ ಒಂದು ಕಾಲಿಟ್ಟು ಎರಡು ಕ್ಷಣ ಸುಮ್ಮನೆ ನೋಡಿದರೆ ಚೌಕಟ್ಟಿನ ಆಚೆ ಕೂತವರು ನೆಟ್ಟಗಾಗುತ್ತಾರಲ್ಲ, ಅದು ಗತ್ತು. ಅದೇ ಪದ ಜಗಲಿಗೆ ಬಂದರೆ ‘ಎಂಥ ಗತ್ತು ಮಾರಾಯ ಅವ್ನದ್ದು’ ಎಂದು ದೂರಾಗುತ್ತದೆ. ಕಲಾವಿದರ ಸನ್ಮಾನಕ್ಕೆ ‘ಗತ್ತುಗಾರಿಕೆಯ ವೇಷಧಾರಿ’ ಎನ್ನಿ. ನಿವೃತ್ತ ತಹಶೀಲ್ದಾರರ ಬೀಳ್ಕೊಡುಗೆಯಲ್ಲಿ ‘ಗತ್ತಿನ ಅಧಿಕಾರಿ’ ಎಂದರೆ ಸಭೆ ಕಿಸಕ್ಕನೆ ನಗುತ್ತದೆ.

ಖದರು ಸಿನಿಮಾ, ಕ್ರಿಕೆಟ್, ಬೈಕಿನ ಮಾತುಗಳಿಗೆ ಸರಿ. ದೌಲತ್ತು ಮೂಲದಲ್ಲಿ ಸಂಪತ್ತು, ಕನ್ನಡದಲ್ಲಿ ಸಂಪತ್ತಿನ ಸೊಕ್ಕು. ಇದನ್ನು ಹೊಗಳಿಕೆಯೆಂದು ತಿಳಿದು ಬಳಸುವ ಹೊಸಬರಿದ್ದಾರೆ, ಎಚ್ಚರ.

ಸಾನ್ನಿಧ್ಯ

ಆಮಂತ್ರಣ ಪತ್ರಿಕೆಯಲ್ಲಿ ವ್ಯಕ್ತಿಯ ಇರುವಿಕೆಗೇ ಒಂದು ಪದ ಬೇಕಾಗುತ್ತದೆ, ಅಲ್ಲಿ ತಾರತಮ್ಯ ಖಚಿತ. ಮಠಾಧೀಶರು ಬಂದರೆ ‘ದಿವ್ಯ ಸಾನ್ನಿಧ್ಯ’. ಅವರು ಸಭೆಯಲ್ಲಿ ಏನೂ ಮಾಡಬೇಕಾಗಿಲ್ಲ, ಇರುವುದೇ ಅನುಗ್ರಹ ಎಂಬುದು ಆ ಮಾತಿನ ಒಳ ಅರ್ಥ. ಶಾಸಕರು, ಅಧಿಕಾರಿಗಳು, ಗಣ್ಯರಿಗೆ ‘ಗೌರವ ಉಪಸ್ಥಿತಿ’. ಮದುವೆಗೆ ‘ಗುರುಹಿರಿಯರ ಸಮ್ಮುಖದಲ್ಲಿ’. ದೇವಸ್ಥಾನದಲ್ಲಿ ನಡೆಯುವುದಾದರೆ ‘ಶ್ರೀ ಸನ್ನಿಧಿಯಲ್ಲಿ’. ಶಾಲೆಗೆ, ಕಚೇರಿಗೆ ಹಾಜರಿ. ಮುಖ್ಯ ಅತಿಥಿಗೆ ಸಾನ್ನಿಧ್ಯ ಕೊಟ್ಟರೆ ಸ್ವಾಮಿಗಳಿಗೆ ಕೊಡಲು ಪದವೇ ಉಳಿಯದು.

ಸಾಲಿನ ಕ್ರಮ ಸಾಮಾನ್ಯವಾಗಿ ಹೀಗೆ: ಸಾನ್ನಿಧ್ಯ ಮೊದಲು, ಆಮೇಲೆ ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಉಪಸ್ಥಿತಿ. ಮಲೆನಾಡಿನಲ್ಲಿ ಶೃಂಗೇರಿ, ರಾಮಚಂದ್ರಾಪುರ, ಹೊಂಬುಜ, ಬಾಳೆಹೊನ್ನೂರು, ಆನಂದಪುರ ಹೀಗೆ ಬೇರೆ ಬೇರೆ ಪರಂಪರೆಯ ಮಠಗಳು ಹತ್ತಿರ ಹತ್ತಿರದಲ್ಲೇ ಇವೆ, ಒಂದೊಂದಕ್ಕೂ ತನ್ನದೇ ಬಿರುದಾವಳಿ. ಹಳೆಯ ಪತ್ರಿಕೆ ನೋಡಿ ನಕಲು ಮಾಡಬೇಡಿ, ಪೀಠದಲ್ಲಿರುವವರು ಬದಲಾಗಿರುತ್ತಾರೆ. ಮಠದ ಕಚೇರಿಯಿಂದ ಬರಹದಲ್ಲೇ ತರಿಸಿಕೊಳ್ಳಿ. ಶೃಂಗೇರಿಯಲ್ಲಿ ಸನ್ನಿಧಾನ ಎಂಬುದು ಗುರುಗಳನ್ನೇ ಸೂಚಿಸುವ ಗೌರವವಾಚಕ. ಹಿರಿಯ ಗುರುಗಳು ಮಹಾಸನ್ನಿಧಾನ. ಹಾಗಾಗಿ ‘ಸನ್ನಿಧಾನಂಗಳವರ ದಿವ್ಯ ಸಾನ್ನಿಧ್ಯದಲ್ಲಿ’ ಎಂಬುದು ಪುನರುಕ್ತಿಯಲ್ಲ.

ಹತ್ತರಲ್ಲಿ ಏಳೆಂಟು ಪತ್ರಿಕೆಗಳಲ್ಲಿ ‘ಸಾನಿಧ್ಯ’ ಎಂದೇ ಕಾಣುವುದರಿಂದ ಅದೇ ಸರಿ ಅನ್ನಿಸಿಬಿಟ್ಟಿದೆ. ಸಂ, ನಿಧಿ ಸೇರಿ ಸನ್ನಿಧಿ. ಅದರಿಂದ ಹುಟ್ಟಿದ್ದು ಸಾನ್ನಿಧ್ಯ. ನಕಾರದ ಒತ್ತು ಬಿಡುವಂತಿಲ್ಲ.

ಜೀರ್ಣೋದ್ಧಾರದ ಪತ್ರಿಕೆಯಲ್ಲಿ ‘ಕಲಾಕರ್ಷಣೆ’ ಬರುತ್ತದೆ. ಗುಡಿ ಬಿಚ್ಚುವ ಮುಂಚೆ ವಿಗ್ರಹದಲ್ಲಿರುವ ಚೈತನ್ಯವನ್ನು ಮಂತ್ರಪೂರ್ವಕ ಕಲಶಕ್ಕೆ ಆಕರ್ಷಿಸಿ ಬಾಲಾಲಯದಲ್ಲಿ (ತಾತ್ಕಾಲಿಕ ಗುಡಿಯಲ್ಲಿ) ಇಟ್ಟು ಪೂಜಿಸುವ ಕರ್ಮ ಇದು. ಇಲ್ಲಿಯ ‘ಕಲಾ’, ಮುಖದ ಕಳೆಯ ಹಿಂದಿರುವ ಅದೇ ಕಲಾ. ನಾಟಕ, ಸಂಗೀತದ ಕಲೆಯಲ್ಲ. ‘ಕಲಾ ಆಕರ್ಷಣೆ’ ಎಂದು ಬಿಡಿಸಿ ಬರೆದು, ಸಾಂಸ್ಕೃತಿಕ ಕಾರ್ಯಕ್ರಮದ ಪಟ್ಟಿಗೆ ಸೇರಿಸಿದರೆ ಭಕ್ತರಿಗೆ ಸಮಯವೇ ತಪ್ಪಿಹೋಗುತ್ತದೆ.

ಪ್ರಭಾವಳಿ, ಹವಾ, ಔರಾ

ಪ್ರಭಾವಳಿ ಮೊದಲು ಒಂದು ವಸ್ತು: ದೇವರ ಹಿಂದೆ ನಿಲ್ಲಿಸುವ ಕಮಾನು, ನೆತ್ತಿಯಲ್ಲಿ ಸಿಂಹಮುಖ. ವ್ಯಕ್ತಿಗೆ ಅನ್ವಯಿಸುವಾಗ ‘ಪ್ರಭಾಮಂಡಲ’ ಒಳ್ಳೆಯದು, ಅದೂ ಚಿತ್ರಗಳಲ್ಲಿ ತಲೆಯ ಸುತ್ತ ಬರೆಯುವ ಬೆಳಕಿನ ವೃತ್ತಕ್ಕೆ. ‘ಪ್ರಭಾವ ವಲಯ’ ರಾಜಕೀಯದ ಮಾತು, ಹಿಡಿತ ಇರುವ ಪ್ರದೇಶ ಎಂದರ್ಥ, ಎರಡನ್ನೂ ಕಲಸಬೇಡಿ.

ಹವಾ ಋತುವಿನ ಹಾಗೆ. ಚುನಾವಣೆಗೆ, ಹೊಸ ಸಿನಿಮಾಕ್ಕೆ ಏಳುತ್ತದೆ, ಇಳಿಯುತ್ತದೆ. ಬದುಕಿಡೀ ನಡೆದುಕೊಂಡ ರೀತಿಗೆ ಹವಾ ಎನ್ನಬಾರದು.

ಔರಾ ಗ್ರೀಕಿನಲ್ಲಿ ತಂಗಾಳಿ. ನಮ್ಮ ಹವಾ ಕೂಡ ಗಾಳಿಯೇ ಆಗಿರುವುದು ಚೆಂದದ ಆಕಸ್ಮಿಕ. ‘ಅಣ್ಣನ ಔರಾ ನೋಡು’ ಎನ್ನುವ ಕಾಲೇಜು ಹುಡುಗರನ್ನು ತಿದ್ದುವ ಅಗತ್ಯವಿಲ್ಲ. ಅವರು ಹೇಳುತ್ತಿರುವುದು ಗತ್ತು ಮತ್ತು ಖದರಿನ ನಡುವಿನದು, ಅವರವರ ನಡುವೆ ಅರ್ಥವಾಗುತ್ತದೆ. ಮಾನಪತ್ರಕ್ಕೆ ಮಾತ್ರ ಬೇಡ. ವೈಬ್ ಎಂಬುದು ವ್ಯಕ್ತಿಗಿಂತ ಜಾಗಕ್ಕೆ ಹೆಚ್ಚು ಸೇರಿದ್ದು. ಆಗುಂಬೆಯ ಸಂಜೆಗೆ ‘ಒಳ್ಳೆ ವೈಬ್’ ಎನ್ನುವಲ್ಲಿ ‘ಮನಸ್ಸಿಗೆ ಹಿತ’ ಎಂದರೆ ಅಜ್ಜಿಗೂ ಮೊಮ್ಮಗನಿಗೂ ತಿಳಿಯುತ್ತದೆ.

ಆರೋಗ್ಯದ ಬರಹಗಳಲ್ಲಿ ಈ ಪದ ಅಪಾಯಕಾರಿ. ಮೈಗ್ರೇನ್ ತಲೆನೋವಿಗೆ ಮುಂಚೆ ಕೆಲವರಿಗೆ ಕಣ್ಣೆದುರು ಅಂಕುಡೊಂಕು ಗೆರೆ, ಮಿಂಚು ಕಾಣುತ್ತದೆ, ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಅಪಸ್ಮಾರದಲ್ಲೂ ಸೆಳವಿಗೆ ಮುನ್ನ ವಿಚಿತ್ರ ವಾಸನೆ, ಹೊಟ್ಟೆಯಲ್ಲಿ ಏರಿಬರುವ ತಳಮಳ ಆಗಬಹುದು. ವೈದ್ಯರು ಇದನ್ನೂ ಔರಾ ಎನ್ನುತ್ತಾರೆ. ‘ಪ್ರಭಾವಳಿ ಕಾಣಿಸುತ್ತದೆ’ ಎಂದು ಅನುವಾದಿಸಿದರೆ ರೋಗಿ ದೈವಕೃಪೆಯೆಂದು ತಿಳಿದು ಸುಮ್ಮನಾದಾನು. ‘ಮುನ್ಸೂಚನೆ’ ಎಂದು ಬರೆದು, ಏನು ಕಾಣುತ್ತದೆ ಎಂಬುದನ್ನು ವಿವರಿಸಿ.

ಒಂದು ಮಾನಪತ್ರದ ತಿದ್ದುಪಡಿ

ನಿವೃತ್ತರಾಗುತ್ತಿರುವ ಹಳ್ಳಿ ಶಾಲೆಯ ಮೇಷ್ಟರಿಗೆ ಬರೆದ ಕರಡು ಹೀಗಿದೆ ಎಂದುಕೊಳ್ಳಿ:

‘ತಮ್ಮ ಅಪಾರ ವರ್ಚಸ್ಸಿನ ಪ್ರಭಾವಳಿಯಿಂದ, ದಿವ್ಯ ತೇಜಸ್ಸಿನ ಸಾನಿಧ್ಯದಿಂದ ನಮ್ಮ ಶಾಲೆಗೆ ಕಲೆ ತಂದುಕೊಟ್ಟ ನಿಮಗೆ ನಮನಗಳು.’

ಐದು ಪದಗಳಿವೆ, ಮೇಷ್ಟರು ಕಾಣುವುದಿಲ್ಲ. ಸಾನ್ನಿಧ್ಯದ ಒತ್ತು ಹೋಗಿದೆ. ಕಳೆ ಕಲೆಯಾಗಿ ಶಾಲೆಗೆ ಮಸಿ ಬಿದ್ದಿದೆ. ‘ತಮ್ಮ’ ಎಂದು ಶುರುವಾಗಿ ‘ನಿಮಗೆ’ ಎಂದು ಮುಗಿದಿದೆ. ಮಾನಪತ್ರದಲ್ಲಿ ತಾವು ಹಿಡಿದರೆ ಕೊನೆತನಕ ತಾವು. ಬರೆದವರನ್ನು ಕೂರಿಸಿಕೊಂಡು ಮೇಷ್ಟರು ಏನು ಮಾಡುತ್ತಿದ್ದರು ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಎಲ್ಲ ಹೊರಬರುತ್ತದೆ:

‘ಪೂಜ್ಯ ಗುರುಗಳೇ, ಆಷಾಢದ ಮಳೆಯಲ್ಲಿ ಹಳ್ಳ ತುಂಬಿದ ದಿನ, ಸಂಕ ದಾಟಿಸಿ ಕೊನೆಯ ಮಗುವನ್ನು ಮನೆಗೆ ಮುಟ್ಟಿಸಿದ ಮೇಲೆಯೇ ತಾವು ಮನೆಗೆ ಹೋದಿರಿ. ತಾವು ಜಗಲಿಯಲ್ಲಿ ಕಾಣಿಸಿಕೊಂಡರೆ ಐದನೇ ತರಗತಿಯ ಗದ್ದಲ ತಾನಾಗಿ ಅಡಗುತ್ತಿತ್ತು, ತಮ್ಮ ಕೈಯಲ್ಲಿ ಬೆತ್ತವನ್ನು ಯಾರೂ ಕಂಡಿಲ್ಲ. ಆ ಗಾಂಭೀರ್ಯಕ್ಕೆ, ಅದರ ಹಿಂದಿದ್ದ ಅಕ್ಕರೆಗೆ ಈ ಊರು ಋಣಿ.’

ಇಲ್ಲಿ ಇಂಥ ಪದ ಒಂದೇ ಒಂದು, ಗಾಂಭೀರ್ಯ. ಅದರ ಮುಂಚೆ ಎರಡು ಘಟನೆಗಳಿವೆ, ಆಗಲೇ ಪದ ಕೂರುತ್ತದೆ. ಚೌಕಟ್ಟು ಹಾಕಿಸುವ ಮಾನಪತ್ರಕ್ಕೆ 150ರಿಂದ 180 ಪದ ಸಾಕು, ನಿಧಾನವಾಗಿ ಓದಿದರೂ ಎರಡು ನಿಮಿಷ. ಅಷ್ಟರಲ್ಲಿ ಈ ಬಗೆಯ ಪದ ಎರಡಕ್ಕಿಂತ ಹೆಚ್ಚಾದರೆ ಒಂದನ್ನು ಹೊಡೆದುಹಾಕಿ. ವೇದಿಕೆಯ ನಿರೂಪಕರಿಗೆ ಒಬ್ಬ ಅತಿಥಿಗೆ ಒಂದು ಪದ. ಮೊದಲನೆಯವರಿಗೆ ಹೇಳಿದ್ದನ್ನೇ ಮೂರನೆಯವರಿಗೂ ಹೇಳಿದರೆ ಇಬ್ಬರದ್ದೂ ಬೆಲೆ ಇಳಿಯುತ್ತದೆ. ಅತಿಥಿಗಳ ಪಟ್ಟಿ ಸಿಕ್ಕ ಕೂಡಲೇ ಪ್ರತಿ ಹೆಸರಿನ ಮುಂದೆ ಅವರ ಕೆಲಸ ಒಂದು, ಪದ ಒಂದು ಬರೆದಿಟ್ಟುಕೊಳ್ಳಿ.

ಅಚ್ಚಿಗೆ ಕೊಡುವ ಮುಂಚೆ

ಕರಡನ್ನು ಫೋನಿನಲ್ಲಿ ನೋಡಿ ‘ಓಕೆ’ ಎನ್ನಬೇಡಿ, ಕಾಗದದ ಮೇಲೆ ತೆಗೆಸಿ. ಬರೆದವರಲ್ಲದೆ ಇನ್ನೊಬ್ಬರು ಗಟ್ಟಿಯಾಗಿ ಓದಲಿ; ಕಣ್ಣು ಹಾರಿಸುವ ತಪ್ಪನ್ನು ನಾಲಿಗೆ ಹಿಡಿಯುತ್ತದೆ. ಪೆನ್ಸಿಲಿನಿಂದ ಗುರುತಿಸಬೇಕಾದ ಜಾಗಗಳು: ಕಳೆಯ ಳಕಾರ, ಕಳೆಗಟ್ಟಿತು ಎಂಬಲ್ಲಿಯ ಗಕಾರ, ವರ್ಚಸ್ಸಿನ ಅರ್ಕಾವೊತ್ತು, ಸಾನ್ನಿಧ್ಯದ ನಕಾರದೊತ್ತು, ತಾವು-ನೀವು. ಯುನಿಕೋಡಿನಲ್ಲಿ ಟೈಪು ಮಾಡಿದ್ದನ್ನು ಅಚ್ಚುಕೂಟದವರು ನುಡಿ ಅಕ್ಷರಶೈಲಿಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವೊತ್ತುಗಳೇ ಮೊದಲು ಚೆಲ್ಲಾಪಿಲ್ಲಿಯಾಗುತ್ತವೆ, ಆದ್ದರಿಂದ ಪರಿವರ್ತನೆ ಆದ ಮೇಲಿನ ಪ್ರತಿಯನ್ನೇ ಕೇಳಿ ಇನ್ನೊಮ್ಮೆ ನೋಡಿ. ಫ್ಲೆಕ್ಸ್ ಆದರೆ ವಿನ್ಯಾಸಕಾರರಿಗೆ ಅಕ್ಷರದ ಸಾಲುಗಳ ನಡುವೆ ಜಾಗ ಬಿಡಲು ಹೇಳಿ. ಸಾಲು ಒತ್ತಾದರೆ ಸಾನ್ನಿಧ್ಯದ ಒತ್ತು ಕೆಳಗಿನ ಸಾಲಿನ ಹೆಸರಿನ ಮೇಲೆ ಕೂತು ಎರಡೂ ಓದಲು ಬರುವುದಿಲ್ಲ.